ನೀರೆರೆದವರು ಯಾರು?

ಹಳಗನ್ನಡ ಕಾವ್ಯವನ್ನು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಉದ್ಯಾನವರ್ಣನೆಯೆಂದರೆ ಒಂದು ಬಗೆಯ ವಿಶ್ರಾಂತಿ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರು. ಕವಿಗಳು ಅದನ್ನು ಪಾಲಿಸಿದರು. ಉಪಾಧ್ಯಾಯರಾದ ನಾವು ಮಾವು, ಮಲ್ಲಿಗೆ, ಅಶೋಕ, ಸುರಹೊನ್ನೆಗಳ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ ಗಂಟೆ ಬಾರಿಸುವುದನ್ನೇ ಕಾಯುತ್ತೇವೆ. ಕಳೆದ ವರ್ಷದ ಮಾರ್ಚ್ ತಿಂಗಳಲ್ಲಿ ಇಂಥ ಒಂದು ಪಾಠದ ನಡುವೆ, ನನ್ನೂರಾದ ಕವಲಂದೆಯ ಕಡೆಯಿಂದ ದಿನವೂ ಚಾಮರಾಜನಗರದ ರೈಲಿನಲ್ಲಿ ಮೈಸೂರಿಗೆ ಬಂದು ಓದುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಈ ತೋಟಕ್ಕೆ ನೀರು ಹಾಕುತ್ತಿದ್ದವರು ಯಾರು?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ವನಪಾಲಕನೆಂಬವನೊಬ್ಬನು ನಮ್ಮ ಕಾವ್ಯಗಳಲ್ಲಿ ಇದ್ದಾನೆ, ನಿಜ. ವಸಂತ ಬಂದನೆಂದೋ ತೋಟಕ್ಕೆ ಮುನಿಗಳು ದಯಮಾಡಿಸಿದ್ದಾರೆಂದೋ ಅವನು ಅರಸನಿಗೆ ಬಂದು ಬಿನ್ನೈಸುತ್ತಾನೆ. ಅರಸನು ಸಂತೋಷದಿಂದ ಮೈಮೇಲಿನ ಒಡವೆಯನ್ನೇ ತೆಗೆದು ಅಂಗಚಿತ್ತವೆಂದು ಕೊಡುತ್ತಾನೆ. ಅಲ್ಲಿಗೆ ಅವನ ಪಾತ್ರ ಮುಗಿಯಿತು. ಅವನು ಕೊಡ ಹೊತ್ತುದನ್ನಾಗಲಿ, ಪಾತಿ ಕೆತ್ತಿದುದನ್ನಾಗಲಿ ನಾನು ತರಗತಿಯಲ್ಲಿ ಹೇಳಿದ ನೆನಪಿಲ್ಲ. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದು ಹಂಬಲಿಸಿದ ಪಂಪನು ಸಹ ತೋಟಿಗನಾಗಿ ಹುಟ್ಟುವ ಮಾತನ್ನು ಆಡಲಿಲ್ಲ. ಇಷ್ಟನ್ನು ಹೇಳಿದ ಮೇಲೆ, “ಉತ್ತರ ಪುಸ್ತಕದಲ್ಲಿಲ್ಲ, ಬೇಸಿಗೆ ರಜೆಯಲ್ಲಿ ತೋಟಗಳಲ್ಲಿಯೇ ಹುಡುಕೋಣ” ಎಂದು ಬಾಯಿತಪ್ಪಿ ನುಡಿದೆ. ವಿದ್ಯಾರ್ಥಿಗಳು ಉಪಾಧ್ಯಾಯರ ಪಾಠವನ್ನು ಮರೆಯಬಹುದು, ಮಾತು ಕೊಟ್ಟದ್ದನ್ನು ಮರೆಯುವುದಿಲ್ಲ. ಮೇ ತಿಂಗಳಲ್ಲಿ ಹನ್ನೆರಡು ಮಂದಿ ವಿದ್ಯಾರ್ಥಿಗಳು, ಸಸ್ಯಶಾಸ್ತ್ರದ ಗೆಳೆಯರೊಬ್ಬರು ಮತ್ತು ನಾನು ಮೂರು ದಿನಗಳ ಪ್ರವಾಸಕ್ಕೆ ಹೊರಟೆವು.

ಮೊದಲ ದಿನ ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿಯು 1760ರ ಸುಮಾರಿಗೆ ಹಾಕಿಸಿದ, ಟಿಪ್ಪುವು ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದ ಈ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ ತಳಹದಿ ಬಿದ್ದುದು 1889ರಲ್ಲಿ. ಕೆಂಪೇಗೌಡರ ಗೋಪುರವಿರುವ ಬಂಡೆಗೆ ಮುನ್ನೂರು ಕೋಟಿ ವರ್ಷಗಳ ವಯಸ್ಸೆಂದು ಕೇಳಿ ನಮ್ಮ ಹುಡುಗರು ಅದರ ಮೇಲೆ ಕೊಂಚ ಮರ್ಯಾದೆಯಿಂದ ಕುಳಿತರು. ಗುಲ್‌ಮೊಹರ್ ಮರಗಳು ಕೆಂಪಾಗಿ ಉರಿಯುತ್ತಿದ್ದುವು.

ಆದರೆ ನಾವು ಹುಡುಕಿ ಬಂದುದು ಮರಗಳನ್ನಲ್ಲ, ಮರಗಳ ಹಿಂದಿನ ಕೈಗಳನ್ನು. ಇಲ್ಲಿ ಕೆಲವು ಹೆಸರುಗಳು ಸಿಕ್ಕಿದುವು. ಗಾಜಿನ ಮನೆಯ ಕಾಲದ ಜಾನ್ ಕ್ಯಾಮರನ್ ನಮ್ಮ ಸೀಮೆಗೆ ಪರಿಚಯಿಸಿದ ಸೀಮೆಬದನೆ ಇಂದು ನಮ್ಮ ಮನೆಗಳ ಹುಳಿಯಲ್ಲಿ ಬೇಯುತ್ತಿದೆ. ತಮಿಳರು ಅದನ್ನು ‘ಬೆಂಗಳೂರು ಕತ್ತರಿಕಾಯಿ’ ಎಂದೇ ಕರೆಯುತ್ತಾರೆ. ಜರ್ಮನಿಯಲ್ಲಿ ಹುಟ್ಟಿ, ಬರೋಡೆಯಲ್ಲಿ ದುಡಿದು, 1908ರಲ್ಲಿ ಇಲ್ಲಿಗೆ ಬಂದ ಕ್ರುಂಬಿಗೆಲ್, ಒಂದು ಜಾತಿಯ ಮರ ಹೂವು ಮುಗಿಸುವ ವೇಳೆಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದವರು. ತಮ್ಮ ದೇಶಕ್ಕೆ ಹಿಂದಿರುಗದೆ 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಮುಂದೆ ರಾಜ್ಯದ ತೋಟಗಾರಿಕೆ ಇಲಾಖೆಯನ್ನು ಕಟ್ಟಿ ಬೆಳೆಸಿದ ಡಾಕ್ಟರ್ ಎಂ. ಎಚ್. ಮರಿಗೌಡರು ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನವರೇ. ಇದನ್ನು ಕೇಳಿ ಆ ತಾಲ್ಲೂಕಿನಿಂದ ಬಂದಿದ್ದ ಇಬ್ಬರು ಹುಡುಗರ ನಡಿಗೆಯೇ ಬದಲಾಯಿತು!

ಕೇಳಿದವಳಿಗೆ ಮಾತ್ರ ಸಮಾಧಾನವಾಗಲಿಲ್ಲ. “ಇವರು ನೆಡಿಸಿದವರು, ಸಾರ್” ಎಂದಳು. ಸ್ವಲ್ಪ ದೂರದಲ್ಲಿ, ಸೆರಗನ್ನು ತಲೆಗೆ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ರಬ್ಬರಿನ ಕೊಳವೆ ಹಿಡಿದು ಪಾತಿಗೆ ನೀರು ಬಿಡುತ್ತಿದ್ದಳು. ಹುಡುಗಿ ಅವಳ ಹತ್ತಿರ ಹೋಗಿ ಬಹಳ ಹೊತ್ತು ಮಾತಾಡಿದಳು. ಏನು ಮಾತಾಡಿದಳೆಂದು ನಾನು ಕೇಳಲಿಲ್ಲ.

ಎರಡನೆಯ ದಿನ ಸಂಜೆ ಕನ್ನಂಬಾಡಿಯ ಬೃಂದಾವನ. ದಿವಾನ್ ಮಿರ್ಜಾ ಇಸ್ಮಾಯಿಲರ ಆಸ್ಥೆಯಿಂದ ರೂಪುಗೊಂಡ ಈ ತೋಟದಲ್ಲಿ ನೀರಿಗೇ ಒಡೆತನ. ನೀರು ಹರಿಯುತ್ತದೆ, ಚಿಮ್ಮುತ್ತದೆ, ಬಣ್ಣದ ದೀಪಗಳಲ್ಲಿ ಕುಣಿಯುತ್ತದೆ. ಸುಂದರವೇ, ಆದರೆ ಅಲ್ಲಿ ನಾವು ನೋಡುವ ಜನ, ಅದು ನೋಡಿಸಿಕೊಳ್ಳುವ ತೋಟ. ದೀಪ ಆರಿತು, ನಾವು ಹೊರಟೆವು.

ಮೂರನೆಯ ದಿನದ ತೋಟ ಬೇರೆ ಬಗೆಯದು. ನಂಜನಗೂಡಿನ ಹತ್ತಿರ, ದೇವರಸನಹಳ್ಳಿಯ ಕಡೆಯ ಕಪ್ಪುನೆಲದಲ್ಲಿ, ಪರಿಚಯದ ರೈತರೊಬ್ಬರ ರಸಬಾಳೆಯ ತೋಟ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳಂತೆಯೇ ಈ ಹಣ್ಣು ಸಹ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆಯಿತು; ಬೇರೆ ನೆಲದಲ್ಲಿ ನೆಟ್ಟರೆ ಗಿಡ ಬರಬಹುದು, ಆ ರುಚಿ ಬರುವುದಿಲ್ಲವೆಂಬುದು ಇಲ್ಲಿನವರ ಮಾತು.

ಬೇಲಿಯ ಬಳಿಯೇ ಅವರು ನಮ್ಮನ್ನು ತಡೆದರು. “ಮೆಟ್ಟು ಅಲ್ಲೇ ಬಿಟ್ಟುಬಿಡಿ, ಮೇಷ್ಟ್ರೇ.” ಒಂದೊಂದು ಚೊಂಬು ನೀರನ್ನು ನಮ್ಮೆಲ್ಲರ ಕಾಲಿಗೂ ಹೊಯ್ದರು. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವ ಹಳೆಯ ಸಂಪ್ರದಾಯವೆಂದು ಭಾವಿಸಿ ನಾನು ಮೆಚ್ಚುಗೆಯ ಮಾತಾಡಿದೆ. ಅವರು ನಕ್ಕರು. “ಸಂಪ್ರದಾಯ ಅಲ್ಲ ಮೇಷ್ಟ್ರೇ, ಭಯ. ಇನ್ನೊಂದು ತೋಟದ ಮಣ್ಣು ಒಳಕ್ಕೆ ಬರಬಾರದು.”

ಅದು ಪನಾಮ ಸೊರಗು ರೋಗದ ಭಯ. ಗೆಳೆಯರು ಅದನ್ನು ವಿವರಿಸಿದರು. ರೋಗ ತರುವುದು ಮಣ್ಣಿನಲ್ಲಿರುವ ಒಂದು ಬೂಷ್ಟು. ಅದು ಬೇರಿನಿಂದ ಏರಿ ಗಿಡದೊಳಗಿನ ನೀರಿನ ದಾರಿಯನ್ನೇ ಕಟ್ಟಿಬಿಡುತ್ತದೆ. ಎಲೆ ಅಂಚಿನಿಂದ ಹಳದಿಯಾಗಿ, ಮುರಿದು, ಕಾಂಡದ ಸುತ್ತ ಜೋತುಬೀಳುತ್ತದೆ, ಬುಡ ಸೀಳುತ್ತದೆ, ಗೆಡ್ಡೆಯನ್ನು ಕೊಯ್ದರೆ ಒಳಗೆ ಕೆಂಗಂದು ಬಣ್ಣ. ಒಮ್ಮೆ ಬಂದ ಬೂಷ್ಟು ದಶಕಗಳ ಕಾಲ ನೆಲದಲ್ಲಿ ಉಳಿಯುತ್ತದೆ, ಹಿಡಿದ ಗಿಡವನ್ನು ಉಳಿಸುವ ಮದ್ದಿಲ್ಲ. ಎಷ್ಟು ನೀರೆರೆದರೂ ಗಿಡ ಬಾಯಾರಿಯೇ ಸಾಯುವ ರೋಗ ಇದು. ಆ ರೈತರ ತಂದೆಯ ಕಾಲದ ತೋಟ ಹಾಗೆಯೇ ಹೋಯಿತಂತೆ. ಈಗಿರುವುದು ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಗಳಿಂದ, ಬೇರೆಯ ತುಂಡು ನೆಲದಲ್ಲಿ, ಮತ್ತೆ ಎಬ್ಬಿಸಿದ ಅರ್ಧ ಎಕರೆ.

“ಲಾಭಕ್ಕೆ ಪಚ್ಚಬಾಳೆ ಇದೆ. ಇದು ಹಟಕ್ಕೆ” ಎಂದು ಅವರು ಒಂದೊಂದು ಹಣ್ಣನ್ನು ನಮ್ಮ ಕೈಗಿಟ್ಟರು. ತೆಳುವಾದ ಸಿಪ್ಪೆ, ಸಿಪ್ಪೆ ಬಿಡಿಸುವ ಮೊದಲೇ ಪರಿಮಳ. ಎರಡು ದಿನ ದೊಡ್ಡ ತೋಟಗಳಲ್ಲಿ ಗದ್ದಲ ಮಾಡಿದ ಹುಡುಗರು ಇಲ್ಲಿ ಮಾತಿಲ್ಲದೆ ತಿಂದರು.

ಅಲ್ಲಿಂದ ಕವಲಂದೆ ದೂರವಲ್ಲ. “ನಿಮ್ಮ ಹಿತ್ತಲನ್ನೂ ತೋರಿಸಿ, ಸಾರ್” ಎಂದು ಎಲ್ಲರೂ ಪಟ್ಟು ಹಿಡಿದರು. ನಾನು ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಕಾರಣವನ್ನು ವಾಚಕರಿಂದ ಮರೆಮಾಚುವುದಿಲ್ಲ. ತಾಯಿ ತೀರಿಕೊಂಡ ಮರುವರ್ಷ, ಕಳೆ ಕೀಳಿಸುವ ತೊಂದರೆ ತಪ್ಪಲೆಂದೂ ಹಬ್ಬಕ್ಕೆ ಬಂದಾಗ ಕಾರು ನಿಲ್ಲಿಸಲು ಅನುಕೂಲವಾಗಲೆಂದೂ, ನಾನು ಆ ಹಿತ್ತಲಿಗೆ ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿಸಿದ್ದೆ. ಉದ್ಯಾನವರ್ಣನೆಯ ಉಪಾಧ್ಯಾಯನ ಉದ್ಯಾನ ಮಟಮಟ ಮಧ್ಯಾಹ್ನದಲ್ಲಿ ಕಾದ ಹೆಂಚಿನಂತೆ ಸುಡುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೂಗಿ ಎಲ್ಲರನ್ನೂ ತಮ್ಮ ಹಿತ್ತಲಿಗೆ ಕರೆದರು. ಹತ್ತು ಮಾರಿನ ಜಾಗ. ಕರಿಬೇವು, ಬಸಳೆ, ದೊಡ್ಡಪತ್ರೆ, ಒಂದು ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ತುಳಸಿಯ ಬಳಿ ಮಲ್ಲಿಗೆಯ ಪೊದೆ. ಪಾತ್ರೆ ತೊಳೆದ ನೀರನ್ನು ಮಲ್ಲಿಗೆಯ ಬುಡಕ್ಕೆ ಸುರಿಯುತ್ತ ಅವರು ನನ್ನ ಕಡೆ ತಿರುಗಿ, “ಇದು ನಿಮ್ಮವ್ವ ಕೊಟ್ಟ ಕಡ್ಡಿ ಕಣಪ್ಪ” ಎಂದರು.

ನನಗೆ ಗೊತ್ತಿರಲಿಲ್ಲ. ನಾನು ಮುಚ್ಚಿಸಿದ ತೋಟ ಗೋಡೆಯ ಆಚೆ ಹೂವು ಬಿಡುತ್ತಿತ್ತು. ಒಂದು ಕಡ್ಡಿ ಕೊಡಬಹುದೆ ಎಂದು ಕೇಳಿದೆ. “ಈಗ ಕಿತ್ರೆ ಒಣಗೋಯ್ತದೆ. ಮಳೆ ಹಿಡೀಲಿ. ಅಷ್ಟರಲ್ಲಿ ನೆಲ ಒಡೆಸು” ಎಂದರು. ಹುಡುಗಿಯರಿಗೆ ಮಾತ್ರ ಮೊಗ್ಗು ಬಿಡಿಸಿಕೊಟ್ಟರು.

ಜೂನ್ ತಿಂಗಳಲ್ಲಿ ಗಾರೆಯವನನ್ನು ಕರೆಸಿದೆ. ಒಂದು ದಿನದಲ್ಲಿ ಹಾಕಿಸಿದ ಸಿಮೆಂಟನ್ನು ಒಡೆಯಲು ನಾಲ್ಕು ದಿನ ಹಿಡಿಯಿತು. ಕಡ್ಡಿ ಚಿಗುರಿದೆ. ಭಾನುವಾರಗಳಲ್ಲಿ ರೈಲು ಹತ್ತಿ ಹೋಗಿ ನಾನು ನೀರೆರೆಯುತ್ತೇನೆ. ಉಳಿದ ಆರು ದಿನ ಗೋಡೆಯಾಚೆಯಿಂದ ಅಜ್ಜಿಯ ಚೊಂಬು ಬರುತ್ತದೆ. ಈ ವರ್ಷವೂ ಉದ್ಯಾನವರ್ಣನೆಯ ಪಾಠ ಬಂದಿತು. ವನಪಾಲಕನು ಪ್ರವೇಶಿಸುವ ಪದ್ಯದ ಬಳಿ ನಾನು ತುಸು ಹೊತ್ತು ನಿಂತೆ, ಗಂಟೆ ಬಾರಿಸಿದ್ದು ಕೇಳಿಸಲಿಲ್ಲ.