ಹಳೆಯ ಲೆನ್ಸು, ಹೊಸ ಕ್ಯಾಮೆರಾ

ಫಿಲ್ಮ್ ಕಾಲದ ಲೆನ್ಸು ಇಂದಿನ ಡಿಜಿಟಲ್ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂಬುದನ್ನು ನಿರ್ಧರಿಸುವುದು ಒಂದು ಅಳತೆ. ಲೆನ್ಸು ಕೂರುವ ಲೋಹದ ಬಳೆಯಿಂದ ಫಿಲ್ಮಿಗೆ ಅಥವಾ ಸೆನ್ಸರಿಗೆ ಇರುವ ದೂರ ಪ್ರತಿ ಮೌಂಟಿಗೂ ನಿಗದಿಯಾಗಿರುತ್ತದೆ. 1959ರ ನಿಕಾನ್ ಎಫ್‌ನಲ್ಲಿ ಅದು 46.5 ಮಿ.ಮೀ.; ಒಳಗಿನ ಕನ್ನಡಿ ಎದ್ದು ಇಳಿಯಲು ಅಷ್ಟು ಜಾಗ ಬೇಕಿತ್ತು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ತಗ್ಗಿದೆ: ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಉಳಿದ ಅಂತರವನ್ನು ತುಂಬುವ ಖಾಲಿ ಕೊಳವೆಯೇ ಅಡಾಪ್ಟರ್. ಎಂ42 ತಿರುಪಿನ ಲೆನ್ಸಿಗೆ ಬೇಕಾದದ್ದು 45.46 ಮಿ.ಮೀ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಅದು ಸೆನ್ಸರಿನಿಂದ ತುಸು ದೂರವೇ ಕೂರುವುದರಿಂದ ದೂರದ ಬೆಟ್ಟ ಫೋಕಸ್ಸಿಗೆ ಬರುವುದೇ ಇಲ್ಲ. ಮಿರರ್‌ಲೆಸ್‌ನಲ್ಲಿ ಆ ತೊಡಕಿಲ್ಲ.

ಇಂಥ ಲೆನ್ಸಿನಲ್ಲಿ ಮೋಟಾರಿಲ್ಲ, ಚಿಪ್ಪಿಲ್ಲ. ಫೋಕಸ್, ಅಪರ್ಚರ್ ಎರಡನ್ನೂ ಬಳೆ ತಿರುಗಿಸಿಯೇ ಹೊಂದಿಸಬೇಕು. ಕೈನಡುಕ ತಡೆಯುವ ವ್ಯವಸ್ಥೆ ಕ್ಯಾಮೆರಾದೊಳಗಿದ್ದರೆ ಅದಕ್ಕೆ ಲೆನ್ಸಿನ ನಾಭಿದೂರವನ್ನು ಮೆನುವಿನಲ್ಲಿ ತುಂಬಿಸಿಕೊಡಬೇಕು.

ಈ ನಿಧಾನವನ್ನು ಸಹಿಸುವ ವಿಷಯಗಳಲ್ಲಿ ಕಲ್ಲಿನ ಶಿಲ್ಪಕ್ಕೆ ಮೊದಲ ಸ್ಥಾನ. ಜೋಗುಳಾಂಬ ಗದ್ವಾಲ ಜಿಲ್ಲೆಯ, ತುಂಗಭದ್ರೆಯ ದಡದ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇಗುಲಗಳಿವೆ. ವಿನಯಾದಿತ್ಯನ (681–696) ಕಾಲದ ಸ್ವರ್ಗಬ್ರಹ್ಮ ಗುಡಿಯ ಹೊರಗೋಡೆಯ ಶಿಲ್ಪವೊಂದನ್ನು ಎರಡು ಮೀಟರ್ ದೂರದಿಂದ, 85 ಮಿ.ಮೀ. ಲೆನ್ಸಿನಲ್ಲಿ, ಎಫ್/2ರಲ್ಲಿ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಬರೀ 6–7 ಸೆಂ.ಮೀ. ಮೂಗು ಚೂಪಾದರೆ ಹಿಂದಿನ ಗೋಡೆ ಮಸುಕು. ಫೋಕಸ್ ಆದ ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಪೀಕಿಂಗ್ ಸೌಲಭ್ಯ ಇಲ್ಲಿ ಹಾದಿ ತಪ್ಪಿಸುವುದುಂಟು, ಏಕೆಂದರೆ ಒರಟು ಕಲ್ಲಿನ ಮೈಯೆಲ್ಲ ಅದಕ್ಕೆ ಅಂಚೇ. ಪರದೆಯ ಚಿತ್ರವನ್ನು ಹಿಗ್ಗಿಸಿ, ಕಣ್ಣಿನ ರೆಪ್ಪೆಯ ಗೆರೆಯನ್ನೇ ನೋಡುತ್ತ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುವುದು ಮೇಲು. ಹಳೆಯ ಬಳೆ ಉದ್ದಕ್ಕೆ ತಿರುಗುವುದರಿಂದ ಅದು ಸುಲಭ. ಬಹುತೇಕ ಆಟೋಫೋಕಸ್ ಲೆನ್ಸುಗಳಲ್ಲಿ ಆ ಹದ ಸಿಗದು.

ಅಂಗಳವನ್ನು ಇಡಿಯಾಗಿ ತೆಗೆಯಲು ಹಳೆಯ ಲೆನ್ಸಿನ ಮೈಮೇಲೆ ಕೆತ್ತಿದ ದೂರದ ಪಟ್ಟಿಯೇ ಸಾಕು. 28 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ ಇಳಿಸಿ 3.3 ಮೀಟರಿಗೆ ನಿಲ್ಲಿಸಿದರೆ ಸುಮಾರು 1.7 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ.

ಹಳೆಯ ಗಾಜು ಸೋಲುವುದು ಗುಡಿಯ ಒಳಗೆ, ಬೆಳಕು ಸುರಿಯುವ ಕಲ್ಲಿನ ಜಾಲಂಧ್ರಕ್ಕೆ ಎದುರಾಗಿ ನಿಂತಾಗ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಗಾಳಿಗೆ ತೆರೆದ ಎಂಟು ಮೇಲ್ಮೈಗಳಿದ್ದರೆ ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಖರ್ಚು. ಹಾಗೆ ಎಸೆದ ಬೆಳಕು ಒಳಗೇ ಅಲೆದು ಚಿತ್ರದ ಕಪ್ಪನ್ನು ಬೂದು ಮಾಡುತ್ತದೆ. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನ ರೂಪಿಸಿದರು. 1970ರ ದಶಕದಲ್ಲಿ ಹಲವು ಪದರಗಳ ಲೇಪನ ಬಳಕೆಗೆ ಬಂತು. ಇಂದಿನ ಲೇಪನಗಳು ಅವನ್ನು ಬಹಳ ಹಿಂದೆ ಹಾಕಿವೆ. ಬಿಸಿಲಿನ ಆಕಾಶಕ್ಕೆ ಅಂಟಿದ ಶಿಖರದ ಅಂಚಿನಲ್ಲಿ ನೇರಳೆ ಬಣ್ಣ ಒಸರುವ ದೋಷವನ್ನೂ ವಿಶೇಷ ಗಾಜುಗಳು ಹಿಡಿತಕ್ಕೆ ತಂದಿವೆ. ಗೆರೆ ಬಾಗುವ ದೋಷವನ್ನು ಎಷ್ಟೋ ಹೊಸ ಲೆನ್ಸುಗಳು ಕ್ಯಾಮೆರಾದ ಸಾಫ್ಟ್‌ವೇರಿಗೆ ಬಿಟ್ಟುಕೊಡುತ್ತವೆ. ಆದರೂ ಎಫ್/8ರ ಆಸುಪಾಸಿನಲ್ಲಿ, ಚಿತ್ರದ ನಡುಭಾಗದಲ್ಲಿ, ಒಳ್ಳೆಯ ಹಳೆಯ 50 ಮಿ.ಮೀ. ಲೆನ್ಸಿಗೂ ಹೊಸದಕ್ಕೂ ಅಂತರ ಹುಡುಕುವುದು ಕಷ್ಟ.

ಚಲಿಸುವ ಜೀವಿಗಳ ಮಾತು ಬೇರೆ. ಕ್ಯಾಮೆರಾದೊಳಗೇ ಆಟೋಫೋಕಸ್ ಅಡಕವಾದ ಮಿನೋಲ್ಟಾ 7000 ಬಂದದ್ದು 1985ರಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ವನ್ಯಜೀವಿಗಳನ್ನು ಕೈಯಾರೆ ಫೋಕಸ್ ಮಾಡಿಯೇ ಸೆರೆಹಿಡಿದರು. ಆ ಸಾಧನೆಯ ಮುಂದೆ ತಲೆಬಾಗಬೇಕು. ಆದರೂ ತುಂಗಭದ್ರೆಗೆ ಧುಮುಕುವ ಮಿಂಚುಳ್ಳಿಯ ಕಣ್ಣನ್ನೇ ಹಿಂಬಾಲಿಸುವ ಇಂದಿನ ಲೆನ್ಸನ್ನು ಬಿಟ್ಟು ಹಳೆಯದನ್ನು ಹಿಡಿಯಲು ಸಕಾರಣವಿಲ್ಲ.

ಹಳೆಯದನ್ನು ಕೊಳ್ಳುವಾಗ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ತಡಮಾಡಿದರೆ ಲೇಪನವನ್ನೇ ಕೊರೆಯುತ್ತದೆ. ಕರಾವಳಿಯ ತೇವದಲ್ಲಿ ಇದ್ದ ಲೆನ್ಸುಗಳಿಗೆ ಈ ಕಾಟ ಹೆಚ್ಚು. ಅಪರ್ಚರ್ ಎಲೆಗಳಿಗೆ ಎಣ್ಣೆ ಅಂಟಿದ್ದರೆ ಅವು ತಡವಾಗಿ ಮುಚ್ಚುತ್ತವೆ. ಗಾಜು ಹಳದಿಗಟ್ಟಿದ್ದರೆ ಅದರಲ್ಲಿ ಥೋರಿಯಂ ಇರಬಹುದು. 1960ರ ದಶಕದ ಕೆಲವು ಟಾಕುಮಾರ್ ಲೆನ್ಸುಗಳು ಹೀಗಾಗುತ್ತವೆ. ಕೆಲವು ದಿನ ನೇರಳಾತೀತ ಬೆಳಕಿನಲ್ಲಿ ಇಟ್ಟರೆ ಆ ಹಳದಿ ಬಹುಪಾಲು ಇಳಿಯುತ್ತದೆ.