ಮನದ ಭಾರಕ್ಕೆ ಮೈಯ ದುಡಿಮೆ

ಚಿಂತೆ ಹೆಚ್ಚಿದ ದಿನಗಳಲ್ಲಿ ನಾವು ಮೊದಲು ಕೈಬಿಡುವುದು ನಡಿಗೆಯನ್ನು. ಅದರ ಅಗತ್ಯ ಹೆಚ್ಚಾಗಿರುವುದೂ ಆಗಲೇ. ಒತ್ತಡದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಸ್ರವಿಸಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ವ್ಯಾಯಾಮದಲ್ಲಿಯೂ ಎದೆಬಡಿತ ಏರುತ್ತದೆ, ವಿಶ್ರಮಿಸಿದಾಗ ಇಳಿಯುತ್ತದೆ. ಈ ಏರಿಳಿತವು ನಿತ್ಯದ ರೂಢಿಯಾದಂತೆ ಉದ್ವೇಗದಿಂದ ಬೇಗ ಸಮಸ್ಥಿತಿಗೆ ಮರಳಲು ದೇಹಕ್ಕೆ ನೆರವಾಗುತ್ತದೆ, ನಿದ್ರೆಯೂ ಸುಧಾರಿಸುತ್ತದೆ. ಕುಗ್ಗಿದರೂ ಮರಳಿ ಏಳುವ ಮನೋಬಲಕ್ಕೆ ಇದೇ ಒಂದು ಆಧಾರ.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ 150 ನಿಮಿಷ ತುಂಬುತ್ತದೆ. ಆದುದರಿಂದ ಮನಸ್ಸು ಹಗುರವಾಗಲೆಂದು ಕಾಯದೆ ನಡಿಗೆಗೆ ಹೊತ್ತೊಂದನ್ನು ಗೊತ್ತುಮಾಡಿಕೊಳ್ಳೋಣ. ಭಾರ ತಾಳಲಾರದಷ್ಟಾದಾಗ ನಡಿಗೆಯೊಂದನ್ನೇ ನೆಚ್ಚದೆ ವೈದ್ಯರನ್ನೂ ಕಾಣೋಣ.