ಮನೆಯ ಮುದಿ ನಾಯಿಗೆ ವಿದಾಯ ಹೇಳುವಾಗ

ಹೋದ ಮಳೆಗಾಲದಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ರಾಮನಗರದಲ್ಲಿ ಬಹಳ ವರ್ಷ ರೇಷ್ಮೆ ನೂಲು ತೆಗೆಸುತ್ತಿದ್ದವರು. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಹತ್ತು ವರ್ಷದಿಂದ ನನ್ನಲ್ಲೇ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಎಂದೂ ಹಿಡಿತ ತಪ್ಪದಿದ್ದ ರಕ್ತದೊತ್ತಡ ಅಂದು 170/100 ಇತ್ತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತದೆ ಎಂದರು. ಇ.ಸಿ.ಜಿ. ತೆಗೆಸಿದೆ. ತೊಂದರೆ ಏನೂ ಕಾಣಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿ ಕಳಿಸಿದೆ.

ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಸ್ಥಿತಿ ಹಾಗೇ ಇತ್ತು. ಈ ಸಲ ಜೊತೆಯಲ್ಲಿ ಬಂದಿದ್ದ ಅವರ ಮಡದಿ ಮೆಲ್ಲಗೆ ಹೇಳಿದರು: 'ಕರಿಯ ಹೋದಾಗಿನಿಂದ ಹಿಂಗೇ ಡಾಕ್ಟ್ರೇ. ಮಾತ್ರೇನೂ ಸರಿಯಾಗಿ ತಗೊಳ್ಳಲ್ಲ.' ಕರಿಯ ಎಂದರೆ ಅವರ ಮನೆಯಲ್ಲಿ ಹದಿಮೂರು ವರ್ಷ ಇದ್ದ ನಾಯಿ. ಹಿರಿಯರು ತಲೆ ತಗ್ಗಿಸಿಕೊಂಡು, 'ನಾಯಿ ಸತ್ತಿದ್ದಕ್ಕೆ ಅಳ್ತಾನೆ ಅಂದ್ರೆ ಜನ ನಗಲ್ವಾ?' ಎಂದರು.

'ಮನೆಯಲ್ಲಿ ಏನಾದರೂ ಆಯಿತೇ?' ಎಂದು ಮೊದಲ ಸಲವೇ ನಾನು ಕೇಳಬೇಕಿತ್ತು. ಕೇಳಲಿಲ್ಲ. ಹಾಗೆ ಕೇಳದೆ, ಹೇಳದೆ ಉಳಿಯುವ ದುಃಖ ಅನೇಕ ಮನೆಗಳಲ್ಲಿದೆ ಎಂದು ಆಮೇಲೆ ತಿಳಿಯಿತು. ಆದ್ದರಿಂದ ಈ ವಾರ ಆ ವಿಷಯ.

ನಗುವಂಥ ವಿಷಯವಲ್ಲ

ನಾಯಿಗಾಗಿ ದುಃಖಪಡುವುದು ಪಟ್ಟಣದವರ ಹೊಸ ಶೋಕಿ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಚನ್ನಪಟ್ಟಣದ ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 950ರ ಸುಮಾರಿನ ಶಾಸನವನ್ನು ನೋಡಿ. ಗಂಗರ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ. ಮೆಚ್ಚಿದ ಒಡೆಯನಿಂದ ಅವನು ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯಲೆಂದು ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಕಾಲದ ಮಾತಿಗೆ ಬಂದರೆ, ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ಕಟ್ಟಿದ ನಾಯಿಗಳ ಗುಡಿಯೇ ಇದೆ. ಊರಿನಲ್ಲಿದ್ದ ಎರಡು ನಾಯಿಗಳು ಕಾಣೆಯಾದವೆಂದೂ, ಕೆಂಪಮ್ಮ ದೇವಿ ಕನಸಿನಲ್ಲಿ ಬಂದು ಅವಕ್ಕೊಂದು ನೆಲೆ ಮಾಡಿಸಲು ಹೇಳಿದಳೆಂದೂ ಅಲ್ಲಿಯವರು ಹೇಳುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಾಯಿಯನ್ನು ಕಳೆದುಕೊಂಡವರಿಗೆ ನೆನಪಿಗೊಂದು ಜಾಗ ಬೇಕಾಗುತ್ತದೆ ಎನ್ನುವುದಂತೂ ನಿಜ.

ದೇಹದಲ್ಲಿ ಏನಾಗುತ್ತದೆ?

ನಾಯಿ ಯಜಮಾನನ ಕಣ್ಣನ್ನು ದಿಟ್ಟಿಸಿ ನೋಡುವಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ ಎಂದು 2015ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ತಾಯಿ ಮಗುವಿಗೆ ಹಾಲೂಡಿಸುವಾಗ ಸ್ರವಿಸುವುದೂ ಇದೇ ಹಾರ್ಮೋನು. ಹತ್ತು ಹನ್ನೆರಡು ವರ್ಷದ ಇಂಥ ನಂಟು ಒಂದು ದಿನ ಕಡಿದುಹೋದರೆ ದೇಹಕ್ಕೆ ಅದು ಪೆಟ್ಟೇ. ದುಃಖದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳು ಹೆಚ್ಚುತ್ತವೆ. ಅವು ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತವೆ, ನಿದ್ದೆ ಕೆಡಿಸುತ್ತವೆ. ತೀವ್ರ ದುಃಖದಿಂದ ಹೃದಯದ ಸ್ನಾಯು ಕೆಲಕಾಲ ಸೋತು, ಹೃದಯಾಘಾತದಂಥದೇ ಎದೆನೋವು ಬರುವುದೂ ಉಂಟು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಆದ್ದರಿಂದ ಎದೆನೋವು ಬಂದರೆ 'ದುಃಖಕ್ಕೆ ಹಾಗಾಗಿದೆ' ಎಂದು ಮನೆಯಲ್ಲೇ ಉಳಿಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಕಾರಣ ಬಹಳ ಸರಳವಾದದ್ದು. ಕರಿಯನ ದೆಸೆಯಿಂದ ಆ ಹಿರಿಯರು ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತಿದ್ದರು. ನಾಯಿ ಹೋಯಿತು, ನಡಿಗೆಯೂ ನಿಂತಿತು. ಮಾತ್ರೆ ತಪ್ಪಿತು, ಸಕ್ಕರೆ ಏರಿತು. ನಾಯಿ ಕಳೆದುಕೊಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮೊದಲು ಈ ಎರಡನ್ನು ಗಮನಿಸಿ.

ಮುಪ್ಪೋ, ಕಾಯಿಲೆಯೋ?

ನಾನು ಮನುಷ್ಯರ ವೈದ್ಯ. ನಾಯಿಯ ಚಿಕಿತ್ಸೆ ಪಶುವೈದ್ಯರ ಕೆಲಸ. ಆದರೂ ಕ್ಲಿನಿಕ್ಕಿಗೆ ಬಂದವರು ಎಷ್ಟೋ ಸಲ ನಾಯಿಯ ಬಗ್ಗೆಯೂ ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಏಳೆಂಟು ವರ್ಷ ದಾಟಿದ ನಾಯಿಗೆ ಮುಪ್ಪು ಶುರುವಾದಂತೆ. ದೊಡ್ಡ ತಳಿಗಳಿಗೆ ಇನ್ನೂ ಬೇಗ, ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳಿಗೆ ತಡ. ಕೀಲುನೋವು, ಕಣ್ಣು ಮಂಜಾಗುವುದು, ಕಿವಿ ಮಂದವಾಗುವುದು ಸಾಮಾನ್ಯ. ಆದರೆ ವಿಪರೀತ ನೀರು ಕುಡಿದು ಮತ್ತೆ ಮತ್ತೆ ಮೂತ್ರ ಮಾಡುವುದು ಬರೀ ಮುಪ್ಪಲ್ಲ. ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಹೆಣ್ಣುನಾಯಿಯಾದರೆ ಗರ್ಭಕೋಶದಲ್ಲಿ ಕೀವು ತುಂಬಿರಲೂಬಹುದು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಚಿಕಿತ್ಸೆಯಿದೆ. 'ವಯಸ್ಸಾಯ್ತು, ಇನ್ನೇನು' ಎಂದು ಕೈಚೆಲ್ಲುವ ಮೊದಲು ಪಶು ಆಸ್ಪತ್ರೆಗೆ ಒಮ್ಮೆ ತೋರಿಸಿ.

ನಿಮ್ಮ ನೋವಿನ ಮಾತ್ರೆಯನ್ನು ಮಾತ್ರ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಅಪಾಯ. ಪ್ರೀತಿಯಿಂದ ಕೊಟ್ಟ ಮಾತ್ರೆಯೇ ನಾಯಿಯ ಸಾವಿಗೆ ಕಾರಣವಾಗಬಹುದು.

ತೋಟದ ಮನೆಯವರಿಗೆ ಇನ್ನೊಂದು ಮಾತು. ಕನಕಪುರ, ಮಾಗಡಿ, ರಾಮನಗರದ ಬೆಟ್ಟದ ಸೆರಗಿನಲ್ಲಿ ಚಿರತೆಗಳು ನಾಯಿಯನ್ನು ಹೊತ್ತೊಯ್ಯುವುದು ನಿಮಗೆ ಗೊತ್ತೇ ಇದೆ. ಕಣ್ಣು ಕಿವಿ ಮಂದವಾದ ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ. ಇಷ್ಟು ವರ್ಷ ಅದು ಮನೆ ಕಾದಿದೆ, ಕೊನೆಗಾಲದಲ್ಲಿ ಒಳಗೊಂದು ಗೋಣಿಚೀಲದ ಹಾಸಿಗೆ ಅದಕ್ಕೆ ಸಲ್ಲಬೇಕು.

ದಯಾಮರಣದ ಪ್ರಶ್ನೆ

ವಾಸಿಯಾಗದ ಕಾಯಿಲೆಯಿಂದ ನಾಯಿ ನರಳುವಾಗ ಮನೆಯವರಿಗೆ ಅತ್ಯಂತ ಕಷ್ಟದ ಪ್ರಶ್ನೆ ಇದು. ಕೆಲವರು 'ಪಾಪ' ಎಂದು ಹೆದರುತ್ತಾರೆ, ಕೆಲವರು ಆತುರಪಡುತ್ತಾರೆ. ಒಂದು ಸುಲಭ ಉಪಾಯ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಂಜೆ ಗುರುತು ಹಾಕಿ. ನಾಯಿ ಇಂದು ತಾನಾಗಿ ತಿಂದಿತೇ? ನೀರು ಕುಡಿಯಿತೇ? ಎದ್ದು ನಾಲ್ಕು ಹೆಜ್ಜೆ ನಡೆಯಿತೇ? ಮಲಮೂತ್ರದಲ್ಲೇ ಬಿದ್ದಿತ್ತೇ? ಹೆಸರು ಕರೆದಾಗ ಬಾಲ ಅಲ್ಲಾಡಿಸಿತೇ? ಒಳ್ಳೆಯ ದಿನಕ್ಕೊಂದು ಗುರುತು, ಕೆಟ್ಟ ದಿನಕ್ಕೊಂದು. ಕೆಟ್ಟ ದಿನಗಳು ಹೆಚ್ಚುತ್ತಾ ಹೋದರೆ ಆ ಕ್ಯಾಲೆಂಡರನ್ನು ಪಶುವೈದ್ಯರಿಗೆ ತೋರಿಸಿ ಮಾತಾಡಿ. ಮನೆಯ ಒಬ್ಬರೇ ತೀರ್ಮಾನ ಮಾಡಬೇಡಿ. ಇಲ್ಲದಿದ್ದರೆ 'ನಾನೇ ಕೊಂದೆ' ಎಂಬ ಕೊರಗು ಅವರೊಬ್ಬರ ತಲೆಗೇ ಬರುತ್ತದೆ.

ಪಶುವೈದ್ಯರು ಸಾಮಾನ್ಯವಾಗಿ ಮೊದಲು ಮಂಪರು ಬರುವ ಔಷಧಿ ಕೊಟ್ಟು, ನಂತರ ಅರಿವಳಿಕೆ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕ್ಷಣಗಳಲ್ಲಿ ಪ್ರಜ್ಞೆ ಹೋಗಿ, ಕೆಲವು ನಿಮಿಷಗಳಲ್ಲಿ ಉಸಿರೂ ಹೃದಯವೂ ನಿಲ್ಲುತ್ತವೆ. ಆಮೇಲೂ ಕಣ್ಣು ತೆರೆದೇ ಇರಬಹುದು, ಸ್ನಾಯು ಅದುರಬಹುದು, ಮೂತ್ರ ಹೋಗಬಹುದು. ಅದು ನೋವಿನ ಗುರುತಲ್ಲ. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಧೈರ್ಯವಿದ್ದವರು ಅದರ ತಲೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿರಿ. ಇರಲಾರೆ ಎನ್ನುವವರನ್ನು ಒತ್ತಾಯಿಸಬೇಡಿ.

ಅನ್ನದಲ್ಲಿ ವಿಷ ಹಾಕುವುದು, ದೂರ ಕೊಂಡೊಯ್ದು ಬಿಟ್ಟು ಬರುವುದು ಕ್ರೌರ್ಯ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದೂ ಅಪರಾಧ.

ಮಕ್ಕಳಿಗೆ ಏನು ಹೇಳಬೇಕು?

ನಿಜವನ್ನೇ ಹೇಳಿ, ಸಣ್ಣ ಮಾತಿನಲ್ಲಿ ಹೇಳಿ. 'ಮಲಗಿದೆ' ಎಂದರೆ ಚಿಕ್ಕ ಮಗು ಮಲಗಲು ಹೆದರುತ್ತದೆ. 'ಊರಿಗೆ ಹೋಗಿದೆ' ಎಂದರೆ ಬಾಗಿಲು ಕಾಯುತ್ತದೆ. 'ಸೂಜಿ ಚುಚ್ಚಿದರು, ಸತ್ತಿತು' ಎಂದಷ್ಟೇ ಹೇಳಿದರೆ ಮುಂದೆ ನನ್ನ ಕೈಯ ಸೂಜಿ ಕಂಡು ಕಿರುಚುತ್ತದೆ. 'ಅದಕ್ಕೆ ತುಂಬಾ ವಯಸ್ಸಾಗಿತ್ತು, ಕಾಯಿಲೆ ವಾಸಿಯಾಗಲಿಲ್ಲ, ಸತ್ತುಹೋಯಿತು, ಇನ್ನು ಬರುವುದಿಲ್ಲ. ನಿನಗೆ ಕೊಡುವ ಇಂಜೆಕ್ಷನ್ ವಾಸಿಮಾಡುವುದು, ಅದೇ ಬೇರೆ' ಎನ್ನಿ. ಐದಾರು ವರ್ಷದೊಳಗಿನ ಮಗು ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳೀತು. ಹತ್ತು ಸಲವೂ ಅದೇ ಉತ್ತರ ಕೊಡಿ. 'ನಾನು ಹೊಡೆದಿದ್ದಕ್ಕೇ ಸತ್ತಿತಾ?' ಎಂದು ಮನಸ್ಸಿನಲ್ಲೇ ಕೊರಗುವ ಮಕ್ಕಳೂ ಇದ್ದಾರೆ. ಅವರು ಕೇಳದಿದ್ದರೂ 'ನಿನ್ನ ತಪ್ಪಿಲ್ಲ' ಎಂದು ಹೇಳಿ.

ಒಂದು ಎಚ್ಚರಿಕೆ

ಮುದಿ ನಾಯಿಯ ಸಾವೆಲ್ಲ ಮುಪ್ಪಿನ ಸಾವಲ್ಲ. ಸಾಯುವ ಮೊದಲಿನ ಕೆಲವು ದಿನ ನಡತೆ ಬದಲಾಗಿತ್ತೇ, ಸುಮ್ಮಸುಮ್ಮನೆ ಕಚ್ಚಲು ಬರುತ್ತಿತ್ತೇ, ಬೊಗಳುವ ದನಿ ಬದಲಾಗಿತ್ತೇ, ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತೇ, ನುಂಗಲಾಗುತ್ತಿರಲಿಲ್ಲವೇ ಎಂದು ನೆನಪು ಮಾಡಿಕೊಳ್ಳಿ. ಇವು ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಲಕ್ಷಣಗಳಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ತಿಳಿದು ಬಾಯೊಳಗೆ ಕೈಹಾಕುವುದು ಬಲು ಅಪಾಯ. ಇಂಥ ಅನುಮಾನವಿದ್ದು, ನಾಯಿ ಯಾರನ್ನಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನೋ ಬಾಯಿ ಕಣ್ಣನ್ನೋ ನೆಕ್ಕಿದ್ದರೆ, ಕಚ್ಚಿದ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಕೆಲವು ದಿನ ಕಳೆದಿದ್ದರೂ ಲಸಿಕೆ ಹಾಕಿಸಿ, ಹೇಳಿದ ದಿನಗಳನ್ನು ತಪ್ಪಿಸಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಮಣ್ಣು ಮಾಡುವಾಗ

ಸ್ವಂತ ಜಮೀನಿದ್ದರೆ ಬಾವಿ, ಬೋರ್‌ವೆಲ್‌ನಿಂದ ದೂರದಲ್ಲಿ ಮೂರು ನಾಲ್ಕು ಅಡಿ ಆಳದ ಗುಂಡಿ ತೋಡಿ. ಆಳ ಕಡಿಮೆಯಾದರೆ ಬೇರೆ ನಾಯಿಗಳು ಕೆದಕುತ್ತವೆ. ಕೈಗೆ ಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಜಮೀನಿಲ್ಲದ ಪಟ್ಟಣದವರು ನಗರಸಭೆ, ಪುರಸಭೆಯವರನ್ನು ವಿಚಾರಿಸಿ. ಅರ್ಕಾವತಿಯ ದಂಡೆಗೋ ಕೆರೆಯಂಗಳಕ್ಕೋ ಚೀಲದಲ್ಲಿ ಕಟ್ಟಿ ಎಸೆಯಬೇಡಿ. ಅದರಿಂದ ನೀರೂ ಕೆಡುತ್ತದೆ, ನಿಮ್ಮ ಮನಸ್ಸಿಗೂ ನೆಮ್ಮದಿ ಇರುವುದಿಲ್ಲ. ಮಣ್ಣು ಹಾಕುವಾಗ ಮಕ್ಕಳು ಒಂದು ಹೂವಿಡುತ್ತೇವೆಂದರೆ ಇಡಲಿ.

ಹೋದ ಮೇಲೆ

ಮೊದಲ ಕೆಲವು ವಾರ ಬಾಗಿಲ ಸದ್ದಿಗೆ ಬೊಗಳಿದಂತೆ ಕೇಳಿಸುವುದು, ಅದರ ತಟ್ಟೆ ಕಂಡು ಕಣ್ಣೀರು ಬರುವುದು ಸಹಜ. ಅಳುವವರನ್ನು ಅಳಲು ಬಿಡಿ. 'ಇನ್ನೊಂದು ತಂದರಾಯ್ತು' ಎಂದು ಮರುದಿನವೇ ಮರಿ ತರಬೇಡಿ. ಮನೆಯವರಿಗೆಲ್ಲ ಬೇಕೆನಿಸಿದಾಗ ತನ್ನಿ, ತಂದಮೇಲೆ ಲಸಿಕೆ, ಜಂತುಹುಳುವಿನ ಔಷಧಿ ಮರೆಯಬೇಡಿ. ಎರಡು ವಾರ ಕಳೆದರೂ ನಿದ್ದೆ ಊಟ ಮರಳದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ಹಿರಿಯರಿಗೆ ನಾನು ಹೊಸ ಮಾತ್ರೆ ಬರೆಯಲಿಲ್ಲ. ಅರ್ಧ ಗಂಟೆ ಕರಿಯನ ವಿಷಯ ಕೇಳಿದೆ. ಮೊದಲ ಹತ್ತು ನಿಮಿಷ ಅತ್ತರು, ಆಮೇಲೆ ಅದರ ಕಳ್ಳತನಗಳನ್ನು ಹೇಳಿ ನಕ್ಕರು. ಇದ್ದ ಮಾತ್ರೆಗಳನ್ನೇ ತಪ್ಪದೆ ತೆಗೆದುಕೊಳ್ಳಲು ಹೇಳಿದೆ. ಬೆಳಗಿನ ನಡಿಗೆಗೆ ಮೊಮ್ಮಗನನ್ನು ಜೊತೆ ಮಾಡಲು ಮಡದಿ ಒಪ್ಪಿದರು. ಎರಡು ತಿಂಗಳ ಮೇಲೆ ಬಂದಾಗ ರಕ್ತದೊತ್ತಡ 138/84. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕರಿಯನನ್ನು ಮಣ್ಣು ಮಾಡಿದ ಕಡೆ ಒಂದು ಚಪ್ಪಡಿ ನೆಟ್ಟಿದ್ದಾರಂತೆ. ದಿನವೂ ಅಜ್ಜ ಮೊಮ್ಮಗ ಅಲ್ಲಿಯವರೆಗೆ ನಡೆದು ಬರುತ್ತಾರೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥವರಿದ್ದರೆ ನಗಬೇಡಿ. 'ಅದರ ಹೆಸರೇನಿತ್ತು?' ಎಂದು ಕೇಳಿ. ಅಷ್ಟು ಕೇಳಿದರೆ ಮುಂದಿನದನ್ನು ಅವರೇ ಹೇಳುತ್ತಾರೆ.